ಲಾಗ್ ಫೈಲಿಗೆ ತೆಂಗಿನಕಾಯಿ

ಸೀರಿ ಅಂಗಡ್ಯಾಗ ಸರ್ವರ್ ಇಟ್ಟ ಮ್ಯಾಲ ಇಂಥಾವು ನಡೀತಾನ ಇರ್ತಾವ. ನಾ ಹತ್ತನೇ ಕ್ಲಾಸ್ ದಾಟಿಲ್ಲ. ಆದ್ರ ನಮ್ಮ ನಾರಾಯಣಪೇಟಿ ಅಂಗಡ್ಯಾಗ ಅದನ್ನ ಮುಟ್ಟಾಕ ಧೈರ್ಯ ಇದ್ದಾವ ನಾ ಒಬ್ಬನ.

೧. ಹೊಟ್ಟಿ ಉಬ್ಬಿದ್ದು

ಮಕ್ತಲ್, ಗದ್ವಾಲ ಅಂಗಡಿಗಳ ಆರ್ಡರೂ ನಮ್ಮ ಸರ್ವರಿಗೇ ಬರ್ತಾವ. ಯಾರು ಏನು ಕಳಿಸಿದ್ರು ಅಂತ ಅದು ಒಂದು ಫೈಲಿನಾಗ ಬರಕೋತ ಹೋಗತೈತಿ. ಅದಕ್ಕ ಲಾಗ್ ಅಂತಾರ. ಮದುವಿ ಸೀಸನ್ನಿನಾಗ ಲಾಗ್ ಉಬ್ಬಿ ಜಾಗಾ ತುಂಬಿತು, ಸರ್ವರ್ ನಿಂತಿತು.

"ಇನ್ನೊಮ್ಮಿ ಆರ್ಡರ್ ತಪ್ಪಿದ್ರ ನಿನ್ನನ್ನ ಮಗ್ಗದ ಮನ್ಯಾಗ ಕಂಡಿಕಿ ಸುತ್ತಾಕ ಕೂಡಸ್ತೀನಲೇ" ಅಂದ್ರು ಸಾವುಕಾರ್ರು. ದಿನಾ ಒಂದ ಕಡಿ ಕುಂತು ನೂಲು ಸುತ್ತೋದಂದ್ರ ನನಗ ಜೈಲು.

"ಬ್ಯಾಡ್ರೀ! ದಿನಾ ಹಳೇ ಫೈಲ್ ಮಡಚಿಟ್ಟು ಹೊಸಾದು ತೆರಿಯಂಗ ಹಚ್ತೀನಿ. ಕಡೀಕಿನ ಏಳು ಫೈಲ್ ಇಟಗೊಂಡು ಉಳದದ್ದು ಒಗೀತೈತಿ. ಎಲ್ಲಾ ತಾನಾ ಮಾಡತೈತ್ರೀ."

"ತಾನಾ ಮಾಡತೈತಾ? ಹಂಗಾದ್ರ ನಿನಗ ಪಗಾರ ಯಾಕ?"

೨. ನಡುರಾತ್ರಿ ಕೆಲಸ

ನಡುರಾತ್ರಿಗೆ ಟೈಮ್ ಹಚ್ಚಿದೆ. ಮುಂಜಾನಿ ನೋಡಿದ್ರ ಹಳೇ ಫೈಲ್ ಹಂಗ ಕುಂತೈತಿ. ಮರುದಿನಾನೂ ಹಂಗ. ಕಡೀಕ ಅಂಗಡಿ ಮುಚ್ಚೋತನಕ ನಿಂತು ನೋಡಿದೆ. ಸಾವುಕಾರ್ರು ದೇವರಿಗೆ ಕೈ ಮುಗದು, ಮೇನ್ ಸ್ವಿಚ್ ಕೆಳಗ ಎಳದ್ರು.

"ಸಾವುಕಾರ್ರೀ, ಸರ್ವರ್ ಆರಸಬಾರದ್ರೀ!"

"ಗಿರಾಕಿ ಹೋದ ಮ್ಯಾಲ ಅದು ಯಾರಿಗೆ ಸೀರಿ ತೋರಸ್ತೈತೋ?"

೩. ಗಂಟಿ

ಹಗಲಿಗೇ ಹಚ್ಚಾಕ ಹೋದೆ. "ರಾಹುಕಾಲದಾಗ ಹೊಸಾದೇನೂ ತೆರೀಬ್ಯಾಡ" ಅಂದ್ರು. ರಾಹುಕಾಲ ದಿನಕ್ಕೊಂದು ಹೊತ್ತಿಗೆ! ಪಂಚಾಂಗ ತಿರುವಿ ತಿರುವಿ, ಯಾವ ವಾರಾನೂ ಅಡ್ಡ ಬರದಂಗ ಸಂಜಿ ದೀಪ ಹಚ್ಚೋ ಹೊತ್ತು ಹಿಡದೆ. ಸುಮ್ಮನ ಇರಲಾರದ, ಹೊಸ ಫೈಲ್ ತೆರದಾಗ ಗುಡಿ ಗಂಟಿ ಬಾರಿಸೋ ಹಂಗ ಮಾಡಿದೆ. ಸಾವುಕಾರ್ರಿಗೆ ಕುಶಿ. ಹೊಸ ಲೆಕ್ಕ ತೆರದಂಗ ಸರ್ವರಿಗೆ ಕುಂಕುಮ ಹಚ್ಚಿ ಕಾಯಿ ಒಡದ್ರು. ಕೊಬ್ಬರಿ ನನಗ.

ಕೊಬ್ಬರಿ ರುಚಿ ಹತ್ತಿತ್ತು. ದಿನಕ್ಕೊಮ್ಮಿ ಇದ್ದದ್ದನ್ನ, ರಾಹುಕಾಲ ಒಂದು ಬಿಟ್ಟು, ತಾಸಿಗೊಮ್ಮಿ ಮಾಡಿದೆ. ತಾಸಿಗೊಮ್ಮಿ ಗಂಟಿ, ತಾಸಿಗೊಂದು ಕಾಯಿ. ಅಂಗಡಿ ಮಂದಿಗೆಲ್ಲಾ ಚಟ್ನಿ.

ಅಷ್ಟರಾಗ ಒಂದಿನ ಸಂಜಿಕ ಗದ್ವಾಲದಿಂದ ಸಾವುಕಾರ್ರ ತಮ್ಮನ ಫೋನು: "ಅಣ್ಣಾ, ನಿನ್ನಿ ಮದುವಿ ಸೀರಿ ಆರ್ಡರ್ ಹಾಕೀನಿ, ಒಂದೂ ಬಂದಿಲ್ಲ!"

"ನಿನ್ನಿ ಲಾಗ್ ತಗಿಯಲೇ, ಏನ ಆರ್ಡರ್ ಹಾಕ್ಯಾನ ನೋಡೂನು" ಅಂದ್ರು ಸಾವುಕಾರ್ರು.

ಎಲ್ಲಿಂದ ತಗೀಲಿ? ಏಳು ಫೈಲಂದ್ರ ಈಗ ಏಳ ತಾಸು. ನಿನ್ನಿದೆಲ್ಲಾ ಒಗದು ಹೋಗಿತ್ತು. ಸಾವುಕಾರ್ರು ಮೂಲ್ಯಾಗಿನ ಚಿಪ್ಪಿನ ಗುಂಪಿ ನೋಡಿದ್ರು, ನನ್ನ ಹೊಟ್ಟಿ ನೋಡಿದ್ರು.

"ನಡಿ, ಕಂಡಿಕಿ ಸುತ್ತಾಕ."

"ಸಾವುಕಾರ್ರೀ, ನಾ ಅಲ್ಲಿ ಕುಂತ್ರ ಇದನ್ನ ಯಾರು ನೋಡ್ತಾರ್ರೀ?"

"ತಾನಾ ಮಾಡತೈತಲ್ಲೋ!"