ವಿದೇಶ ಬಾತ್ಮೀದಾರನೂ ಹೊಸದುರ್ಗದ ಕಾಫಿಯೂ

ಪತ್ರಿಕೆಗೆ ಬರೆಯುವವನು ಹೆಣ್ಣು ಹೆತ್ತವನೂ ಆಗಿರಬಾರದು. ಈ ಜ್ಞಾನ ನನಗೆ ಬಂದದ್ದು ತೀರಾ ತಡವಾಗಿ, ಹೊಸದುರ್ಗದ ಬಸ್ಸಿನಲ್ಲಿ.

ಹನ್ನೆರಡು ವರ್ಷ ನಾನು ಪತ್ರಿಕೆಯೊಂದರ ವಿದೇಶ ಬಾತ್ಮೀದಾರನಾಗಿದ್ದೆ. ವಾರಕ್ಕೊಂದು ಅಂಕಣವನ್ನೂ ಬರೆಯುತ್ತಿದ್ದೆ. ಹುಟ್ಟೂರು ಚಿತ್ರದುರ್ಗ ನೋಡಿ, ಎಲ್ಲಿಗೆ ಹೋದರೂ ನಮ್ಮ ಸೀಮೆಯ ಅಳತೆಗೋಲು ಜೇಬಿನಲ್ಲೇ ಇರುತ್ತಿತ್ತು. ಅವರ ಅರಮನೆ ನಮ್ಮ ಕೋಟೆಯ ಒಂದು ಬತೇರಿಗೂ ಸಮವಲ್ಲ, ಅವರ ಸರೋವರ ಚಂದ್ರವಳ್ಳಿ ಕೆರೆಗಿಂತ ತುಸು ದೊಡ್ಡದು, ಹೀಗೆ. ಓದುಗರಿಗೂ ಅದೇ ಇಷ್ಟ. ‘ನಮ್ಮೂರನ್ನು ಯಾಕೆ ಮರೆತಿರಿ?’ ಎಂದು ಹೊಳಲ್ಕೆರೆಯವರೊಬ್ಬರು ಕಾಗದವನ್ನೇ ಬರೆದಿದ್ದರು. ಕೆಲವು ದೇಶಗಳಲ್ಲಿ ಸೆನ್ಸಾರಿನವರು ನನ್ನ ವರದಿಗೆ ಕತ್ತರಿ ಹಾಕುತ್ತಿದ್ದರು. ಆಗೆಲ್ಲ ಮೇಜು ಗುದ್ದಿ ಜಗಳವಾಡಿದ್ದೇನೆ. ಒಂದು ಸಾಲು ಬಿಟ್ಟರೂ ಸತ್ಯವನ್ನೇ ಬಿಟ್ಟಂತೆ ಎಂದು ಭಾಷಣ ಬಿಗಿದಿದ್ದೇನೆ. ಪರರ ಊರಿನಲ್ಲಿ ಧೈರ್ಯಕ್ಕೇನು ಕಮ್ಮಿ!

ಮಗಳು ಗೌರಿಗೆ ಹೊಸದುರ್ಗದಲ್ಲಿ ಮೇಷ್ಟ್ರಾಗಿರುವ ಹುಡುಗನೊಬ್ಬನ ಸಂಬಂಧ ಬಂತು. ಹುಡುಗ ಹುಡುಗಿ ಒಪ್ಪಿದ್ದರು. ಗೌರಿಯಂತೂ ವಾರದಿಂದ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ನಾವು ಗಂಡ ಹೆಂಡತಿ ಹೋಗಿ ಗಂಡಿನ ಮನೆ ನೋಡಿ ಬರುವುದೊಂದೇ ಬಾಕಿ. ಬಸ್ಸು ಹೊಳಲ್ಕೆರೆ ದಾಟಿದ ಮೇಲೆ ಹೆಂಡತಿ, “ಬಸ್ ಸ್ಟ್ಯಾಂಡಿನಾಗೆ ಇಳಿದ್ರೆ ಸಾಕಂತೆ. ಅಲ್ಲೊಂದು ಹೋಟ್ಲು ಐತಲ್ಲ, ಅದು ಹುಡುಗನ ಅಪ್ಪಂದೇ” ಅಂದಳು.

ಆ ಹೋಟೆಲು ನನ್ನ ಅಂಕಣದಲ್ಲಿ ಆಗಲೇ ಬಂದುಹೋಗಿತ್ತು. ಹಿಂದೊಮ್ಮೆ ಯುರೋಪಿನ ರೈಲು ನಿಲ್ದಾಣವೊಂದರಲ್ಲಿ ಕೂತು ಬರೆದಿದ್ದೆ: ‘ಇಲ್ಲಿಯ ಕಾಫಿ ಕುಡಿದಾಗ ಹೊಸದುರ್ಗದ ಬಸ್ ಸ್ಟ್ಯಾಂಡಿನ ಹೋಟೆಲು ನೆನಪಾಯಿತು. ಉಳಿದರ್ಧ ಲೋಟ ಹೂಕುಂಡಕ್ಕೆ ಸುರಿದು ಎದ್ದೆ.’ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿದ್ದದ್ದು ಅದೊಂದೇ ಹೋಟೆಲು.

“ನಾನು ವಾಪಸ್ ಹೋಗ್ಲಾ? ಹೊಟ್ಟೆನೋವು ಅಂತ ಹೇಳು” ಅಂದೆ.

“ಪ್ರಪಂಚ ಸುತ್ತಿದೋರು ಹೊಸದುರ್ಗಕ್ಕೆ ಹೆದರ್ತೀರಲ್ರಿ. ಸುಮ್ನೆ ಕುಂತ್ಕಳ್ರಿ.”

ಹುಡುಗನ ತಂದೆ ರುದ್ರಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದರು. “ಬರ್ರಿ, ಬರ್ರಿ. ನಿಮ್ಮನ್ನ ದಿನಾ ನೋಡ್ತಾನೇ ಇರ್ತೀವಿ” ಎಂದು ಗೋಡೆ ತೋರಿಸಿದರು. ದೇವರ ಪಟದ ಪಕ್ಕದಲ್ಲಿ, ಗಾಜು ಹಾಕಿಸಿದ ಚೌಕಟ್ಟಿನೊಳಗೆ, ನನ್ನ ಅಂಕಣದ ತುಣುಕು. ನನ್ನ ಫೋಟೋ, ನನ್ನ ಹೆಸರು, ಆ ಮೊದಲ ವಾಕ್ಯ. ಎರಡನೆಯದು ಇರಲಿಲ್ಲ. ಕತ್ತರಿ ನೆಟ್ಟಗೆ ಹೋಗಿತ್ತು.

“ಮುಂದಿನ ಸಾಲು...” ಎಂದು ಬಾಯಿತಪ್ಪಿ ಅಂದುಬಿಟ್ಟೆ. ಹೆಂಡತಿ ಕಾಲು ತುಳಿದಳು.

“ಓದೀನ್ರಿ” ಅಂದರು ರುದ್ರಪ್ಪನವರು. “ಪಟದಾಗೆ ಹಿಡೀಲಿಲ್ಲ.”

ಅವರ ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ಲೋಟದ ತುಂಬ ಕಾಫಿ ತಂದಿಟ್ಟು, ಎದುರಿಗೇ ನಿಂತರು. ಸುತ್ತ ನೋಡಿದೆ, ಹೂಕುಂಡ ಎಲ್ಲೂ ಕಾಣಲಿಲ್ಲ. ಗೌರಿಯ ಹಾಡು ನೆನಪಾಯಿತು. ತಳ ಕಾಣುವ ತನಕ ಕುಡಿದೆ.

“ಹೆಂಗೈತ್ರಿ?”

“ಬಹಳ ಚೆನ್ನಾಗಿದೆ.”

“ಹಂಗಾರೆ ಇನ್ನೊಂದು ಲೋಟ ತಗಳ್ರಿ. ಇದನ್ನೂ ಪೇಪರಿಗೆ ಬರೀರಿ, ಕಟ್ಟು ಹಾಕುಸ್ತೀನಿ.”

ಎರಡನೇ ಲೋಟವನ್ನೂ ಕುಡಿದೆ. ಮುಂದಿನ ವಾರ ಅಂಕಣದಲ್ಲಿ ಬರೆದೂ ಬರೆದೆ. ಅದರಲ್ಲಿ ಕತ್ತರಿಸಬೇಕಾದ ಸಾಲು ಒಂದೂ ಇರಲಿಲ್ಲ.