ಜಹಾಜಿನ ಕಾಕಾ

ನಮ್ಮ ಕಾಕಾ ಹದಿನಾಲ್ಕು ವರ್ಷ ಜಹಾಜಿನಲ್ಲಿದ್ದರು, ಆದರೆ ಒಮ್ಮೆಯೂ ಸಮುದ್ರಕ್ಕೆ ಇಳಿಯಲಿಲ್ಲ ಎಂದರೆ ನೀವು ನಂಬುತ್ತೀರಾ? ನಮ್ಮೂರು ಜೇವರ್ಗಿಯ ಜನ ನಂಬಿದ್ದರು!

ತಪ್ಪು ಕಾಕಾರದಲ್ಲ. ಎಪ್ಪತ್ತರ ದಶಕದ ಆರಂಭದಿಂದ ಅವರು ಮುಂಬಯಿಯ ಹೋಟೆಲೊಂದರ ಜಾಝ್ ವಾದ್ಯಗೋಷ್ಠಿಯಲ್ಲಿ ಪಿಯಾನೋ ನುಡಿಸುತ್ತಿದ್ದರು, ತಾವೇ ಹೊಸ ಧಾಟಿ ಕಟ್ಟುತ್ತಿದ್ದರು. ಊರಿಗೆ ಬಂದಾಗ "ಜಾಝ್‌ನ್ಯಾಗ ಅದೇನಿ" ಎಂದರು. ಅರ್ಧ ಉರ್ದು ಕಿವಿಯ ನಮ್ಮೂರಿಗೆ ಅದು ಜಹಾಜ್ ಎಂದು, ಅಂದರೆ ಹಡಗು ಎಂದು ಕೇಳಿಸಿತು. ಕಾಕಾರ ತಾಯಿ, ನಮ್ಮ ಆಯಿ, ಮಗ ಮುಳುಗದಿರಲೆಂದು ಸೋಮವಾರದ ಉಪವಾಸ ಹಿಡಿದಳು.

"ಅವ್ವಾ, ಹಡಗಲ್ಲಬೇ. ಬಾಜಾ ಬಾರಿಸ್ತೇನಿ."

"ನೀರಾಗ ಬಾಜಾ ಯಾರಿಗೋ? ಮೀನಿಗೇನು?"

ಉಪವಾಸ ಮುಂದುವರಿಯಿತು.

ಮುಂದೆ ಹೋಟೆಲಿನವರು ವಾದ್ಯಗೋಷ್ಠಿಯನ್ನೇ ನಿಲ್ಲಿಸಿದರು. ಕಾಕಾ ಹಳೆಯ ಪಿಯಾನೋವನ್ನು ಲಾರಿಗೆ ಹಾಕಿಕೊಂಡು ಊರಿಗೆ ಬಂದೇಬಿಟ್ಟರು. ಎಂಟು ಹಮಾಲರು ಬೆವರು ಸುರಿಸಿ ಇಳಿಸಿದ ಮೇಲೆ ಅವರಲ್ಲೊಬ್ಬ ಕೇಳಿದ: "ಸಾವ್ಕಾರ್ರ, ಬರೇ ಇಂಜಿನ್ ತಂದೀರಲ್ರಿ, ಜಹಾಜ್ ಎಲ್ಲೈತಿ?"

ಊರ ಮಠದವರು ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸಲು ಕರೆದರು. ಕಾಕಾ ಮೊದಲ ಸಾಲನ್ನು ನೆಟ್ಟಗೆ ನುಡಿಸಿ, ಎರಡನೆಯದಕ್ಕೆ ಧಾಟಿ ಬಿಟ್ಟು ಎಲ್ಲಿಗೋ ಹೊರಟುಬಿಟ್ಟರು! ಹಾಡುವವರು ಬಾಯಿ ತೆರೆದುಕೊಂಡೇ ಕಾದರು. ತಬಲಾದವನು ಕೈ ಎತ್ತಿಬಿಟ್ಟ.

"ಕಾಕಾ, ಎಲ್ಲದೀರಿ?"

"ಬರಾಕತ್ತೇನಿ, ನೀವು ಹೊಡೀರಿ!"

ಇದು ತಪ್ಪೋ, ಹೊಸದೋ? ನನಗೆ ಇವತ್ತಿಗೂ ಗೊತ್ತಿಲ್ಲ. ಜಾಝ್ ಅಂದರೇನೆಂದು ಕಾಕಾ ನನಗೆ ಹತ್ತು ಸಲ ಬಿಡಿಸಿ ಹೇಳಿದ್ದಾರೆ. ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಗೊಂದಲವಾಗಿದೆ. ಆ ದಿನ ಮಠದಿಂದ ಬರುವಾಗ ಮಾತ್ರ ಅವರ ಮುಖ ಸಣ್ಣದಾಗಿತ್ತು. "ಮಂದಿಗಿ ತಿಳೀದಿದ್ರ ಬಿಡು. ನಾ ಮುಂಬಯಿದಾಗ ಏನ್ ಮಾಡಿದ್ನಿ ಅಂತ ಅವ್ವಗ ಒಮ್ಮಿ ತಿಳದ್ರ ಸಾಕಿತ್ತು" ಎಂದರು.

ಒಂದು ಬೆಳಿಗ್ಗೆ ಕಾಕಾ ಮುಂಬಯಿಯಲ್ಲಿ ಕಟ್ಟಿದ ಧಾಟಿಯೊಂದನ್ನು ನುಡಿಸುತ್ತಿದ್ದರು. ಪಟಪಟನೆ ಮೂರು ಪೆಟ್ಟು, ಸ್ವಲ್ಪ ತಡೆದು ಎರಡು, ಮತ್ತೆ ಸುತ್ತಿ ಮೂರು. ಒಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದ ಆಯಿಯ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಲೇ, ಇದು ನಾ ರೊಟ್ಟಿ ಬಡಿಯೂ ಸಪ್ಪಳ ಅಲ್ಲೇನೋ?"

ಕಾಕಾ ಅವಳತ್ತ ತಿರುಗಿದರು. "ಹೌದಬೇ. ಅಲ್ಲಿ ದಿನಾ ಇದನ್ನ ಬಾರಿಸ್ತಿದ್ನಿ."

ಆಯಿ ಹಿಟ್ಟಿನ ಕೈಯನ್ನೇ ಮಗನ ತಲೆಯ ಮೇಲಿಟ್ಟಳು.

"ಹಂಗಾರ ಅಷ್ಟೂ ವರ್ಷ ನೀ ಮನ್ಯಾಗೇ ಇದ್ದೆಲ್ಲೋ, ನನ್ನಪ್ಪಾ!"

ಕಾಕಾ ಪಿಯಾನೋ ಮೇಲೆ ತಲೆಯಿಟ್ಟು ಅತ್ತುಬಿಟ್ಟರು.