ಇಳಕಲ್ಲ ಸೀರೆಯಲ್ಲಿ ಸೋಸಿದ ನೀರು

ಜಗತ್ತಿನ ಕುಡಿಯುವ ನೀರಿನ ಸಮಸ್ಯೆಯನ್ನು ಮೊನ್ನೆ ಚೈತ್ರಮಾಸದ ಒಂದು ಶನಿವಾರ ನಾನು ಖುದ್ದಾಗಿ ಬಗೆಹರಿಸಿಬಿಟ್ಟೆ! ಜಗತ್ತಿಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟೇ.

ಪುಣೆಯ ವಾಕಡದಲ್ಲಿರುವ ನಮ್ಮ ಸೊಸೈಟಿಗೆ ಬೇಸಿಗೆ ಬಂತೆಂದರೆ ಟ್ಯಾಂಕರೇ ಗತಿ. ಹೆಸರಿಗೆ ಈಜುಕೊಳವಿದೆ, ನಲ್ಲಿಯಲ್ಲಿ ಬರುವುದು ಮಾತ್ರ ಚಹಾ ಬಣ್ಣದ ನೀರು! ಕುಡಿಯಲು ಅಂಗಡಿಯಿಂದ ಜಾರ್ ತರಿಸುತ್ತೇವೆ. ಆ ವಾರ ನಾನು ಎಲ್ಲೋ ಓದಿದೆ: ನಲ್ಲಿಯೇ ಇಲ್ಲದ ದೇಶದೇಶಗಳ ಊರುಗಳಲ್ಲಿ ಹೆಂಗಸರು ನೀರನ್ನು ಹಳೆಯ ಸೀರೆಯ ಮಡಿಕೆಗಳಲ್ಲಿ ಸೋಸುತ್ತಾರಂತೆ, ಬಾಟಲಿಗೆ ತುಂಬಿ ದಿನವಿಡೀ ಬಿಸಿಲಿಗಿಡುತ್ತಾರಂತೆ. ಕೊಳೆ ಸೀರೆಯ ಪಾಲು, ರೋಗಾಣು ಸೂರ್ಯನ ಪಾಲು! ನನ್ನ ಎದೆ ಉಬ್ಬಿತು. ತಕ್ಷಣ ಜಾರ್‌ನವನಿಗೆ ಫೋನ್ ಮಾಡಿ, "ಉದ್ಯಾಪಾಸೂನ್ ಬಂದ್!" ನಾಳೆಯಿಂದ ಬಂದ್ ಎಂದು ಮರಾಠಿಯಲ್ಲಿ ಗುಡುಗಿದೆ.

"ಏನ್ ಬಂದ್ ಮಾಡಿದ್ರಿ?" ನನ್ನ ಹೆಂಡತಿ ವರದಾ ಅಡುಗೆಮನೆಯಿಂದಲೇ ಕೇಳಿದಳು.

"ಜಾರ್! ಇನ್ನ ಮುಂದ ನೀರು ನಾನ ತಯಾರಸ್ತೀನಿ."

"ಅಯ್ಯ! ನಾಳೆ ಸಂಜೀಕ ಚೈತ್ರಗೌರಿ ಅರಿಶಿಣ-ಕುಂಕುಮ ಅದ. ಸೊಸೈಟಿ ಹೆಣ್ಣಮಕ್ಕಳೆಲ್ಲಾ ಬರ್ತಾರ. ಮಾವಿನಕಾಯಿ ಪಾನಕಾ ಎದರಾಗ ಮಾಡ್ಲಿ, ನಿಮ್ಮ ಭಾಷಣದಾಗೇನು?"

"ಸೂರ್ಯಜಲದಾಗ ಮಾಡು! ನಿನ್ನ ಮರ್ಯಾದಿ ನನ್ನ ಜವಾಬ್ದಾರಿ."

ವರದಾ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಹೆಮ್ಮೆಯಿಂದಲೇ ನೋಡಿದಳೆಂದು ತಿಳಿದೆ.

ಶನಿವಾರ ಬೆಳಿಗ್ಗೆ ಒಂದು ಧರ್ಮಸೂಕ್ಷ್ಮ ಎದುರಾಯಿತು. ಗೌರಿಗೆ ನೈವೇದ್ಯವಾಗುವ ಪಾನಕದ ನೀರನ್ನು ಉಟ್ಟು ಬಿಟ್ಟ ಹಳೆಯ ಸೀರೆಯಲ್ಲಿ ಸೋಸುವುದೇ? ಧಾರವಾಡದ ನಮ್ಮ ಮನೆತನದ ಮಡಿ ಏನಾಗಬೇಕು! ಕಪಾಟಿನಲ್ಲಿ ಒಮ್ಮೆಯೂ ಉಡದ, ಘಡಿ ಮುರಿಯದ ಕಡುಗೆಂಪು ಇಳಕಲ್ಲ ಸೀರೆಯೊಂದಿತ್ತು. ಅದನ್ನೇ ಟೆರೇಸಿಗೆ ಒಯ್ದು, ಎಂಟು ಮಡಿಕೆ ಮಾಡಿ, ಜೈ ಎಂದು ನೀರು ಸುರಿದೆ. ಕಸವೆಲ್ಲ ಮೇಲೆಯೇ ನಿಂತಿತು! ಕೆಳಗಿಳಿದ ನೀರು ಮಾತ್ರ ತುಸು ಕೆಂಪಾಗಿತ್ತು. ಇರಲಿ, ಬಿಸಿಲಿಗೆ ಎಂಥೆಂಥ ಬಟ್ಟೆಯ ಬಣ್ಣವೇ ಹಾರಿಹೋಗುತ್ತದೆ, ನೀರಿನದು ಹೋಗದೇ? ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು, 'ವಾಕಡದ ಜಲಕ್ರಾಂತಿ' ಎಂದು ಬರೆದು ಸೊಸೈಟಿ ಗ್ರೂಪಿಗೆ ಹಾಕಿದೆ. ಹೆಬ್ಬೆರಳುಗಳ ಮಳೆ! ಉಂಡು ತೃಪ್ತಿಯಿಂದ ನಿದ್ದೆ ಹೋದೆ.

ಎಚ್ಚರವಾದದ್ದು ವರದಾಳ ಕೂಗಿಗೆ. "ನನ್ನ ಹೊಸಾ ಇಳಕಲ್ಲ ಸೀರಿ ಎಲ್ಲದರೀ? ಇವತ್ತ ಉಡಬೇಕಂತ ಇಟ್ಟಿದ್ದೆ!"

"ಟೆರೇಸಿನ ಮ್ಯಾಲೆ ಅದ. ಲೋಕಕಲ್ಯಾಣಕ್ಕ ಹೋಗೇದ."

ಓಡಿ ಹೋಗಿ ಸೀರೆ ತಂದಳು. ನನ್ನ ಕಣ್ಣೆದುರು ಝಾಡಿಸಿದಳು. ಅಲ್ಲಲ್ಲಿ ಗುಲಾಬಿ, ಅಲ್ಲಲ್ಲಿ ಬಿಳುಪು!

"ಹೋಗ್ಲಿ, ನೀರರೆ ಎಲ್ಲವ? ಟೆರೇಸಿನ ಮ್ಯಾಲೆ ಒಂದು ಬಾಟ್ಲಿ ಇಲ್ಲ!"

ಗಡಿಯಾರ ನೋಡಿದರೆ ಹೆಂಗಸರು ಬರುವ ಹೊತ್ತು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ. ಕೆಳಗೆ ನೋಡುತ್ತೇನೆ, ಗೇಟಿನ ಆಚೆಗೊಂದು, ಈಚೆಗೊಂದು, ಪ್ರತಿ ಕಾರಿನ ಗಾಲಿಗೊಂದು, ನನ್ನ ಕೆಂಪು ಸೂರ್ಯಜಲ! ವಿಜಯಪುರ ಕಡೆಯ ನಮ್ಮ ವಾಚ್‌ಮನ್ ಮಲಕಪ್ಪ ಗರ್ವದಿಂದ ಸಲಾಮು ಹೊಡೆದ.

"ಛಲೋ ಕೆಲಸಾ ಮಾಡೀರಿ ನೋಡ್ರಿ ಸಾಹೇಬ್ರ! ಕೆಂಪು ನೀರು ಕಂಡ್ರ ನಾಯಿ ಹತ್ರ ಬರೂದಿಲ್ರಿ. ನಾಯಿ ಕಾಟಕ್ಕ ನೀವ ಮಾಡಿಟ್ಟೀರಂತ ತಿಳಕೊಂಡು ಟೆರೇಸಿನಿಂದ ತಂದು ಎಲ್ಲಾ ಹಂಚಿಬಿಟ್ಟೆ. ಆವಾಗಿಂದ ಒಂದು ನಾಯಿ ಕಾಲಿಟ್ಟಿಲ್ರಿ!"

ನಾಯಿಯೂ ಮೂಸದ ನೀರು! ಒಂದು ಬಾಟಲಿಯನ್ನು ಕಂಕುಳಲ್ಲಿ ಅವುಚಿಕೊಂಡು, ಹೆಂಡತಿಯ ಮರ್ಯಾದೆ ಮಣ್ಣುಪಾಲಾಯಿತೆಂದು ಬೆವರುತ್ತ ಮೇಲೆ ಬಂದೆ. ಬಾಗಿಲಲ್ಲೇ ನಿಂತುಬಿಟ್ಟೆ. ಮನೆ ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಪಾನಕದ ಲೋಟ!

"ಪನ್ಹಂ ಫಾರ್ ಛಾನ್ ಝಾಲಂಯ!" ಎಂದು ಪಾನಕವನ್ನು ಹೊಗಳಿತು ಒಂದು ಮರಾಠಿ ಧ್ವನಿ. ಸೊಸೈಟಿ ಸೆಕ್ರೆಟರಿಯ ಹೆಂಡತಿ, ನಮ್ಮ ಕಡೆಯವರೇ ಆದ ಸುಮಂಗಲಾ ಎದ್ದು ನಿಂತರು. "ಪಾನಕದ ನೀರು ನೀವ ತಯಾರ್ ಮಾಡಿದ್ದಂತಲ್ರೀ? ಫೋಟೋ ನೋಡಿದೆ. ಭಾಳ ಛಲೋ ಅದ!"

ಏನೂ ಅರ್ಥವಾಗಲಿಲ್ಲ. ಆದರೆ ಹೊಗಳಿಕೆ ಬಂದಾಗ ಬೇಡವೆನ್ನುವ ಪೈಕಿ ನಾನಲ್ಲ! ಬಾಟಲಿಯನ್ನು ಬೆನ್ನ ಹಿಂದೆ ಸರಿಸಿ, "ಒಂದು ಸೀರಿ, ಒಬ್ಬ ಸೂರ್ಯ, ಅಷ್ಟ ರೀ!" ಎಂದೆ. ಚಪ್ಪಾಳೆ ಬಿತ್ತು. ತಲೆ ಬಾಗಿಸಿ ಸ್ವೀಕರಿಸಿ, ಅಡುಗೆಮನೆಗೆ ನುಗ್ಗಿದೆ.

"ವರದಾ, ಇಷ್ಟು ನೀರು ಎಲ್ಲಿಂದ ಬಂತ?" ಎಂದು ಪಿಸುಗುಟ್ಟಿದೆ.

ಅವಳು ಲೋಟಕ್ಕೆ ಪಾನಕ ಬಗ್ಗಿಸುತ್ತ, ನನ್ನ ಕಡೆ ನೋಡದೆಯೇ ಹೇಳಿದಳು:

"ನೀವು ನೀರು ತಯಾರಸ್ತೀನಿ ಅಂದ್ರಲ್ಲ, ಆ ಗಳಿಗೀಗೇ ಎರಡು ಪಾತೇಲಿ ನೀರು ಕುದಿಯಾಕ ಇಟ್ಟಿದ್ದೆ. ನಿಮ್ಮ ಮ್ಯಾಲೆ ನನಗ ಅಷ್ಟು ಪಕ್ಕಾ ಭರೋಸಾ ಅದ!"